ಚನ್ನಪಟ್ಟಣದವರ ನೀರಿಗೆ ನಾನು ಕೊಟ್ಟ ನೆರಳು

ಇಲ್ಲಿ ನಾನು ಬಾಡಿಗೆಗೆ ಸೇರಿದ ಮನೆಯಲ್ಲಿ ನಡುಮನೆ ಹುಳಗಳಿಗೆ, ಜಗಲಿ ಮನುಷ್ಯರಿಗೆ. ಗಂಟು ಹೊತ್ತು ಒಳಗೆ ಕಾಲಿಡಲು ಹೋದ ನನ್ನನ್ನು ಮನೆಯ ಯಜಮಾನಿ ತಾಯಮ್ಮ ಹೊಸ್ತಿಲಲ್ಲೇ ತಡೆದರು.

"ಅಲ್ಲೇ ನಿಂತ್ಕಳಪ್ಪ. ಹುಳ ಜ್ವರಕ್ಕೆ ಕೂತವೆ. ಬೀಡಿ ವಾಸ್ನೆ ಒಳೀಕೆ ಬರಬಾರ್ದು."

ರೇಷ್ಮೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಇಲ್ಲಿನವರು ಜ್ವರ ಅನ್ನುತ್ತಾರೆ. ಹುಳದ ಸಲುವಾಗಿ ಹೊರಗೆ ನಿಂತದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕೊಟ್ಟಿಗೆಯ ಪಕ್ಕದ ಕೋಣೆ ನನಗೆ ಸಿಕ್ಕಿತು.

ನಾನು ಬಂದದ್ದು ಕಾಲುವೆಗೆ ಚಾವಣಿ ಹಾಕಲು. ಮಾನ್ವಿ ಬಸ್‌ ಸ್ಟ್ಯಾಂಡಿನಲ್ಲಿ ಹೀಗೆಂದಾಗ ನಮ್ಮೂರಿನ ನೀವೆಲ್ಲ ನಕ್ಕಿರಿ. ಈ ದಂಡೆಯಿಂದ ಆ ದಂಡೆಗೆ ಕಬ್ಬಿಣದ ತೊಲೆ ಕೂರಿಸಿ, ಅದರ ಮೇಲೆ ಸೋಲಾರ್ ಪ್ಯಾನೆಲ್ ಸಾಲಾಗಿ ಬಿಗಿಯುತ್ತೇವೆ. ಮೇಲೆ ಕರೆಂಟು, ಕೆಳಗೆ ನೆರಳು. ಬಿಸಿಲು ನೀರು ಕುಡಿಯುವುದು ಕಡಿಮೆಯಾಗುತ್ತದೆ. ನೀರಿನ ತಂಪು ತಗಲಿ ಪ್ಯಾನೆಲ್ ಕೂಡ ಅಷ್ಟು ಕಾಯುವುದಿಲ್ಲ. ಯಾರ ಹೊಲವೂ ಹೋಗುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಆದರೂ ಇದನ್ನು ನನಗೆ ಯಾರೂ ಎರಡು ಸಲ ಹೇಳಲಿಲ್ಲ. ನಾನು ಬಿಗಿದ ಬೋಲ್ಟನ್ನು ಇನ್ನೊಬ್ಬ ತಿರುವಿ ನೋಡಬೇಕಾಗಿಯೂ ಬಂದಿಲ್ಲ.

ಆದರೆ ಮೊದಲ ದಿನ ಆ ದಂಡೆಯ ಮೇಲೆ ನಿಂತಾಗ ನನಗೆ ಆದದ್ದು ಹೊಟ್ಟೆಕಿಚ್ಚು. ಮಾನ್ವಿ ಕಡೆಯ ಕಾಲುವೆಗೆ ನಮ್ಮದು ಕೊನೆಯ ಊರು. ಮೇಲಿನವರು ಎತ್ತಿಕೊಂಡು, ಬಿಸಿಲು ಕುಡಿದು, ಉಳಿದದ್ದು ನಮ್ಮ ಪಾಲಿಗೆ. ಎಷ್ಟೋ ಸಲ ಉಳಿಯುವುದು ಕೆಸರಿನ ವಾಸನೆ ಮಾತ್ರ. ಇಲ್ಲಿ ನೋಡಿದರೆ ಹಿಪ್ಪುನೇರಳೆ, ತೆಂಗು, ಎದೆಯುಬ್ಬಿಸಿ ನಿಂತ ರಾಗಿ. ರಾಮನಗರದಲ್ಲಿ ಗೂಡು ಮಾರಿ, ಮನಸ್ಸು ಬಂದರೆ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವ ಜನ. ಇಂಥವರ ನೀರಿಗೇ ಈಗ ನೆರಳೂ ಬಂತು. ಅದನ್ನು ಕಟ್ಟಿಕೊಡುವವನು ನಾನು.

ತಾಯಮ್ಮನ ಮಗ ಪುಟ್ಟಸ್ವಾಮಿ ನಮ್ಮ ಗ್ಯಾಂಗಿನಲ್ಲೇ ಕೆಲಸಕ್ಕಿದ್ದ. ಮಧ್ಯಾಹ್ನ ಅವನಿಗೆ ಮನೆಯಿಂದ ಬಿಸಿ ಮುದ್ದೆ, ಸೊಪ್ಪಿನ ಸಾರು ಬರುತ್ತಿತ್ತು. ನನ್ನದು ಬೆಳಿಗ್ಗೆ ನಾನೇ ತಟ್ಟಿಕೊಂಡ ಜೋಳದ ರೊಟ್ಟಿ. ಅವನು ಮುದ್ದೆ ಮುರಿದು ಕೊಟ್ಟರೆ ನಾನು ಅಗಿಯುತ್ತಿದ್ದೆ.

"ಅಗೀಬ್ಯಾಡ ಕಣಣ್ಣ, ನುಂಗು. ಹಲ್ಲಿಗ್ಯಾಕೆ ಕೆಲ್ಸ?"

"ಹಲ್ಲಿಗೆ ಕೆಲಸ ಇಲ್ದ ಊಟ ಎಂಥಾ ಊಟ ಮಾರಾಯ?"

"ನಿನ್ ರೊಟ್ಟಿ ಸದ್ದು ಮದ್ದೂರ್‌ಗಂಟ ಕೇಳುಸ್ತದೆ, ಸುಮ್ಕಿರು."

ನಗುತ್ತಿದ್ದೆ. ಆದರೆ ಆ ಬುತ್ತಿ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಹಸಿವಿನ ಜೊತೆ ಇನ್ನೊಂದೂ ಉರಿಯುತ್ತಿತ್ತು. ಅವನು ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ. ನಾನು ಅವನ ಮನೆಯ ಕೋಣೆಗೆ ಹೋಗುತ್ತಿದ್ದೆ.

ಕೆಲಸ ಮುಗಿಯುತ್ತಾ ಬಂದಾಗ ಒಂದು ಸುದ್ದಿ ಬಂತು. ಪ್ಯಾನೆಲ್ ತೊಳೆದು ಕಾಯಲು ಒಬ್ಬನನ್ನು ಕಾಯಂ ಇಟ್ಟುಕೊಳ್ಳುತ್ತಾರೆ, ಕಾಲುವೆ ಪಕ್ಕದಲ್ಲೇ ಮನೆ ಕೊಡುತ್ತಾರೆ. ಅದು ಸಿಕ್ಕರೆ ಹೆಂಡತಿ ಗಂಗಮ್ಮನನ್ನೂ ಮಗಳನ್ನೂ ಕರೆಸಿಕೊಳ್ಳಬಹುದು. ಇಲ್ಲದಿದ್ದರೆ ಗ್ಯಾಂಗಿನ ಜೊತೆ ಮತ್ತೊಂದು ಜಿಲ್ಲೆ, ಮತ್ತೊಬ್ಬರ ಕೊಟ್ಟಿಗೆ. ಎಂಜಿನಿಯರ ಬಾಯಲ್ಲಿ ಎರಡು ಹೆಸರು ಇದ್ದವು: ನನ್ನದು, ಪುಟ್ಟಸ್ವಾಮಿಯದು. ಅವನು ಊರಿನವನು ಬೇರೆ.

ಅದೇ ವಾರ ನಾನು ಬಿಗಿದ ಸಾಲಿನಲ್ಲಿ ಮಧ್ಯಾಹ್ನದ ಕರೆಂಟು ಬಿದ್ದುಹೋಗತೊಡಗಿತು. "ಫಿಟಿಂಗ್ ಸರಿಯಿಲ್ಲ ಅನ್ಸುತ್ತೆ ಈರಣ್ಣ," ಎಂದರು ಎಂಜಿನಿಯರು ಫೋನಿನಲ್ಲಿ. ಬೆಳಿಗ್ಗೆ ಹೋಗಿ ಕ್ಲಾಂಪು, ವೈರು ಎಲ್ಲ ನೋಡಿದೆ. ಒಂದೂ ಸಡಿಲವಿರಲಿಲ್ಲ. ಮಧ್ಯಾಹ್ನ ಮತ್ತೆ ಹೋದಾಗ ಕಂಡಿತು. ದಂಡೆಯ ಕಡೆ ಸೊಂಟದೆತ್ತರಕ್ಕೆ ಇಳಿಯುವ ಪ್ಯಾನೆಲ್‌ಗಳ ಮೇಲೆ ಚಂದ್ರಿಕೆಗಳು ಒಣಗುತ್ತಿದ್ದವು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆ. ಬೆಳೆ ಮುಗಿದ ಮೇಲೆ ತೊಳೆದು ಬಿಸಿಲಿಗೆ ಹಾಕಲೇಬೇಕು. ಹಾಕುತ್ತಿದ್ದವರು ತಾಯಮ್ಮ.

"ಏನವ್ವಾ ಇದು?"

"ಈ ಗಾಜಿನ ಮ್ಯಾಲೆ ಗಳಿಗೇಲಿ ಒಣಗ್ತವೆ ಕಣಪ್ಪ. ನಮ್ಮವಾದ್ಮೇಲೆ ಪಕ್ಕದ್ ಮನೇವೂ ಹಾಕನ ಅಂತಿದ್ದೆ."

"ಒಂದರ ಮ್ಯಾಲೆ ನೆರಳು ಬಿದ್ರ ಸಾಲಿಗೆ ಸಾಲೇ ಮಲಗ್ತದ."

"ನೆರಳು ಮಾಡ್ದೋರು ಯಾರು? ನಮ್ಮತ್ತೆ ಕಾಲ್ದಿಂದ ಈ ದಂಡೆ ಮ್ಯಾಲೇ ಒಣಗಾಕ್ತಿದ್ವಿ. ನೀವು ಬಂದು ಬಿಸ್ಲೆಲ್ಲ ಕಿತ್ಕಂಡ್‌ಬುಟ್ರಿ."

 ಒಂದು ಫೋಟೋ ಹೊಡೆದು ಕಳಿಸಿದ್ದರೆ ಪುಟ್ಟಸ್ವಾಮಿಯ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. ಫೋನು ಕೈಗೂ ಬಂತು. ಆದರೆ ಒಬ್ಬ ಮುದುಕಿಯ ಚಂದ್ರಿಕೆ ತೋರಿಸಿ ಕೆಲಸ ಗಿಟ್ಟಿಸಿಕೊಂಡ ಎಂದು ನಾಳೆ ಯಾರೂ ಅನ್ನಬಾರದು. ನನ್ನ ಕೈಗೆ ಕೆಲಸ ಗೊತ್ತಿದೆ. ಎಂಜಿನಿಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಉಳಿದ ಪೈಪು ಕೇಳಿದೆ. ನೆರಳು ಬೀಳದ ಕಡೆ ದಂಡೆಯುದ್ದಕ್ಕೂ ಚಂದ್ರಿಕೆ ನಿಲ್ಲಿಸುವ ಸ್ಟ್ಯಾಂಡು ಮಾಡಿದೆ. ಪುಟ್ಟಸ್ವಾಮಿ ಪೈಪು ಹಿಡಿದುಕೊಂಡ, ನಾನು ವೆಲ್ಡಿಂಗ್ ಹೊಡೆದೆ.

ಎಂಜಿನಿಯರು ಬಂದು ಇಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಸ್ವಾಮಿ ಅಂದ: "ಈರಣ್ಣಂಗೇ ಕೊಡಿ ಸಾ. ನಂಗ್ಯಾಕೆ? ತೋಟ ಐತೆ, ಹುಳ ಐತೆ. ಗಾಜು ತೊಳ್ಕಂಡು ಕೂತ್ರೆ ಸೊಪ್ಪು ಕುಯ್ಯೋರ್ಯಾರು?"

ಕೆಲಸ ನನಗಾಯಿತು. ಕೈಮುಗಿದೆ. ಆದರೆ ನಿಜ ಹೇಳುತ್ತೇನೆ, ಅವತ್ತಿನಷ್ಟು ಹೊಟ್ಟೆಕಿಚ್ಚು ನನಗೆ ಎಂದೂ ಆಗಿರಲಿಲ್ಲ. ನಾನು ನಿದ್ದೆಗೆಟ್ಟು ಆಸೆಪಟ್ಟದ್ದನ್ನು ಅವನು ಹೆಗಲ ಟವಲ್ಲು ಕೊಡವಿದಷ್ಟು ಸಲೀಸಾಗಿ ಬಿಟ್ಟುಕೊಟ್ಟ. ಬೇಡ ಅನ್ನುವುದಕ್ಕೂ ಮನೆಯ ಹಿಂದೆ ನೀರು ಹರಿಯುತ್ತಿರಬೇಕು.

ಗಂಗಮ್ಮ ಮಗಳನ್ನು ಕರೆದುಕೊಂಡು ಬಂದಳು. ಕಾಲುವೆ ತೋರಿಸಿದರೆ, "ನೀರೆಲ್ಲೈತ್ರಿ?" ಎಂದಳು. ಬಗ್ಗಿಸಿ ಪ್ಯಾನೆಲಿನ ಅಡಿ ತೋರಿಸಿದೆ. ಕೈಯದ್ದಿ ಮುಖಕ್ಕೆ ಹಚ್ಚಿಕೊಂಡಳು.

"ಎಷ್ಟು ತಣ್ಣಗೈತಿ. ಇದು ನಮ್ಮೂರ ಕಡಿ ಹೋಗಂಗಿಲ್ಲೇನ್ರಿ?"

"ಇಲ್ಲ."

ಮಗಳ ಮುಖವನ್ನೂ ತೊಳೆಸಿ ಎದ್ದಳು.

ಈಗ ಎಮ್ಮೆ ಇಳಿಸುವವರನ್ನು ಬೈಯುತ್ತೇನೆ, ತೂಬು ತೆರೆದಿಟ್ಟು ಹೋದವರ ಮನೆ ಬಾಗಿಲಿಗೇ ಹೋಗುತ್ತೇನೆ. "ನೀರು ನಿಂದೇನೋ ಅನ್ನಂಗಾಡ್ತೀಯಲ್ಲ," ಎಂದು ಪುಟ್ಟಸ್ವಾಮಿ ಅಣಕಿಸುತ್ತಾನೆ. ಇವರ ನೀರನ್ನು ಇವರಿಗಿಂತ ಜಿಪುಣನಾಗಿ ಕಾಯುತ್ತಿದ್ದೇನೆ. ಅದರಲ್ಲಿ ನಿಮಗೆ ಒಂದು ಗುಟುಕೂ ಇಲ್ಲ. ನಿಮ್ಮಲ್ಲಿ ಯಾರಾದರೂ ಫೋನು ಮಾಡಿ ಅಲ್ಲಿ ನೀರು ಹೆಂಗೈತಿ ಎಂದು ಕೇಳಿದಾಗ, ಕಾಲುವೆ ದಂಡೆಮಟ್ಟ ಹರಿಯುತ್ತಿದ್ದರೂ, ಅಷ್ಟಕ್ಕಷ್ಟೇ ಎಂದು ಹೇಳಿ ಬೇರೆ ಮಾತು ತೆಗೆಯುತ್ತೇನೆ.