ಗಾಡಿಮನೆಗೆ ಹೋಗದ ಅಜ್ಜಿ

ನಂಜನಗೂಡಿನ ನಮ್ಮ ಹಳೆಯ ಮನೆಗೆ ಅಂಟಿಕೊಂಡಂತೆ ಒಂದು ಗಾಡಿಮನೆ ಇದೆ. ಬೆಲ್ಲದ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ಮುತ್ತಜ್ಜ ತನ್ನ ಕುದುರೆಗಾಡಿ ನಿಲ್ಲಿಸಲು ಕಟ್ಟಿಸಿದ್ದು. ಮನೆಯ ತಲೆಬಾಗಿಲಲ್ಲಿ ಎಂಥವರೂ ಬಗ್ಗಿ ಬರಬೇಕು. ಗಾಡಿಮನೆಯ ಕಮಾನಿನಲ್ಲಿ ಮಾತ್ರ ಗಾಡಿ ಮೇಲೆ ಕೂತವನೂ ಸಲೀಸಾಗಿ ದಾಟಬಹುದು. ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆಗಳು, ನೆಲಕ್ಕೆ ಒರಟು ಚಪ್ಪಡಿ, ಮೂಲೆಯಲ್ಲಿ ಮೇವು ಹಾಕುವ ಕಲ್ಲಿನ ಗೋದಲಿ. ಕಿಟಕಿ ಇಲ್ಲ.

ಗಾಡಿ ಮಾರಿದ ಮೇಲೆ ಅದಕ್ಕೆ ಬೇರೆ ಕೆಲಸ ಸಿಕ್ಕಿತು. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕೆಂಬುದು ನಮ್ಮವರ ನಂಬಿಕೆ. ಗಾಡಿಮನೆ ಮಾತ್ರ ಮನೆಯ ಲೆಕ್ಕಕ್ಕಿಲ್ಲ. ಹಾಗಾಗಿ ಸಾಯುವ ಸ್ಥಿತಿಯಲ್ಲಿದ್ದವರನ್ನು ಪಂಚಾಂಗ ನೋಡಿ ಅಲ್ಲಿಗೆ ಸಾಗಿಸುತ್ತಿದ್ದರು. ನಮ್ಮ ಹಿರಿಯರ ಬುದ್ಧಿವಂತಿಕೆಗೆ ಏನು ಕಡಿಮೆ!

ಅಜ್ಜಿ ಹಾಸಿಗೆ ಹಿಡಿದಾಗ ದೊಡ್ಡಪ್ಪ ಪಂಚಾಂಗ ತೆಗೆದರು. ಅಜ್ಜಿ ನಡುಮನೆಯಲ್ಲಿ, ಮೇಲೆ ಆಕಾಶ ಕಾಣುವ ತೊಟ್ಟಿಯ ಪಕ್ಕ ಮಲಗಿದ್ದಳು. ಮಾತು ಕಿವಿಗೆ ಬಿದ್ದಿರಬೇಕು, ಅಮ್ಮನ ಸೆರಗು ಹಿಡಿದು, "ಅಲ್ಲಿಗ್ ಬ್ಯಾಡ ಕಣವ್ವ, ಅಲ್ಲಿ ಬೆಳಕೇ ಇಲ್ಲ," ಅಂದಳು.

ಅಮ್ಮ ಆ ಮನೆಯ ಕಿರಿಯ ಸೊಸೆ. ಭಾವನಿಗೆ ಎದುರಾಡಿದವಳೇ ಅಲ್ಲ. ಅವತ್ತು ಮಾತ್ರ ಕಂಬ ಹಿಡಿದು ನಿಂತು, "ಅತ್ತೆ ಇಲ್ಲೇ ಇರ್ಲಿ ಭಾವ. ಬೀಗ ಹಾಕ್ಬೇಕಾಗ್ ಬಂದ್ರೆ ಹಾಕಣ. ಗಾಡಿಮನೇಗೆ ನಾವೇ ಹೋಗಣ," ಅಂದಳು. ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ ಎಂದು ನೆಂಟರು ಆಡಿಕೊಂಡರು. ದೊಡ್ಡಪ್ಪ ಅವಳ ಜೊತೆ ಮಾತು ಬಿಟ್ಟರು.

ಅಜ್ಜಿ ನಡುಮನೆಯಲ್ಲೇ ಕಣ್ಣು ಮುಚ್ಚಿದಳು, ಅದೂ ದೊಡ್ಡಪ್ಪ ಹೆದರಿದ್ದ ನಕ್ಷತ್ರದಲ್ಲೇ. ತಲೆಬಾಗಿಲಿಗೆ ಮುಳ್ಳು ಇಟ್ಟು, ಬೀಗ ಹಾಕಿ, ಎಲ್ಲರೂ ಕುದುರೆಯ ಜಾಗದಲ್ಲಿ ಸಂಸಾರ ಹೂಡಿದೆವು. ಗೋದಲಿಯಲ್ಲಿ ಪಾತ್ರೆ, ಬಳೆಯಿಂದ ಬಳೆಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ. ತಾಂಡ್ಯದ ಫ್ಯಾಕ್ಟರಿಗೆ ಹೊರಡುವ ಅಣ್ಣ ದಿನವೂ ಶೂ ಹುಡುಕುತ್ತಾ ಗೊಣಗುತ್ತಿದ್ದ. ದೊಡ್ಡಪ್ಪ ಹಗಲಲ್ಲೂ ಬಲ್ಬು ಹಾಕಿಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದರು. ನನಗೆ ಅವರ ಮೇಲೆ ಒಂದಿಷ್ಟೂ ಕನಿಕರ ಬರಲಿಲ್ಲ.

ಗಡುವು ಮುಗಿದ ಮೇಲೆ ಬೀಗ ತೆಗೆದು ಮನೆಯೊಳಕ್ಕೆ ಬಂದೆವು. ಈಗ ದೊಡ್ಡಪ್ಪ ಅದೇ ನಡುಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಮೊನ್ನೆ ಅಮ್ಮ ಗಂಜಿ ಕುಡಿಸುತ್ತಿದ್ದಾಗ ಮುಖ ಆ ಕಡೆ ತಿರುಗಿಸಿಕೊಂಡು ಕೇಳಿದರು: "ನನ್ನೂ ಇಲ್ಲೇ ಬಿಡ್ತೀಯೇನವ್ವ?"

"ಇನ್ನೆಲ್ಲಿಗ್ ಕಳಿಸ್ಲಿ ಭಾವ, ಇದು ನಿಮ್ಮನೆ," ಅಂದಳು ಅಮ್ಮ. ಅವರ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿ, ಇನ್ನೊಂದು ಚಮಚ ಕುಡಿಸಿದಳು.