ರಿಜೆಕ್ಟ್ ಸಾಹೇಬರ ಸ್ಯಾಂಪಲ್

ನಮ್ಮಣ್ಣನಿಗೆ ಫ್ಯಾಕ್ಟರಿಯಲ್ಲಿ ಇಟ್ಟ ಹೆಸರು ರಿಜೆಕ್ಟ್ ಸಾಹೇಬ. ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಫ್ಯಾಕ್ಟರಿ ಅದು. ದಿನವಿಡೀ ಯಂತ್ರಗಳು ಮುಚ್ಚಳ ಉದುರಿಸುತ್ತವೆ, ಹೆಂಗಸರು ಅವನ್ನು ಪೆಟ್ಟಿಗೆಗೆ ತುಂಬುತ್ತಾರೆ, ಪೆಟ್ಟಿಗೆಗಳು ಸಾಲಾಗಿ ಅಣ್ಣನ ಮೇಜಿನ ಮುಂದೆ ಬಂದು ನಿಲ್ಲುತ್ತವೆ. ಒಂದು ಪಾಳಿಯ ಪೆಟ್ಟಿಗೆಗಳೆಲ್ಲ ಸೇರಿ ಒಂದು ಲಾಟ್. ಎಲ್ಲವನ್ನೂ ನೋಡಲು ಯಾರಿಂದಲೂ ಆಗದು. ಹಾಗಾಗಿ ಅಲ್ಲೊಂದು ಇಲ್ಲೊಂದು ಮುಚ್ಚಳ ತೆಗೆದು ಪರೀಕ್ಷಿಸಿ, ಇಡೀ ಲಾಟ್ ಪಾಸೋ ರಿಜೆಕ್ಟೋ ಎಂದು ಹೇಳುವುದು ಅವನ ಕೆಲಸ. ಬೇರೆಯವರು ಪೆಟ್ಟಿಗೆಯ ಮೇಲಿನಿಂದಲೇ ಒಂದು ಹಿಡಿ ಎತ್ತಿಕೊಳ್ಳುತ್ತಿದ್ದರು. ಇವನು ಮೊಣಕೈವರೆಗೆ ತೋಳಿಳಿಸಿ ತಳದಿಂದ ತೆಗೆಯುತ್ತಿದ್ದ. "ಮೇಲಿಂದು ನೋಡಿ ಪಾಸ್ ಮಾಡೋದಾದ್ರೆ ನಾನ್ಯಾಕೆ, ಗೇಟ್ ಕಾಯೋನು ಸಾಕಲ್ವಾ?" ಎನ್ನುತ್ತಿದ್ದ.

ಅತ್ತಿಗೆ ಅವನಿಗೆ ಸಿಕ್ಕಿದ್ದೂ ಹಾಗೆಯೇ. ಆಗ ಅವರು ಪ್ಯಾಕಿಂಗ್‌ನಲ್ಲಿದ್ದರು. ಸತತವಾಗಿ ಅವರ ಪಾಳಿಯ ಲಾಟ್ ವಾಪಸ್ ಬಂದಾಗ ಸಿಟ್ಟು ನೆತ್ತಿಗೇರಿ ನೇರ ಅಣ್ಣನ ಮೇಜಿಗೆ ಹೋಗಿ, "ಮನೇಲಿ ತುತ್ತು ಬಾಯಿಗಿಡೋಕೆ ಮುಂಚೆನೂ ಹಿಂಗೇ ತಿರುಗಿಸಿ ನೋಡ್ತೀರಾ?" ಎಂದು ಕೇಳಿದರಂತೆ. ಅಣ್ಣ ಗಂಭೀರವಾಗಿ "ಹೂಂ" ಎಂದನಂತೆ. ಮರುವರ್ಷ ಮದುವೆಯಾಯಿತು. ಲಾಟ್ ರಿಜೆಕ್ಟ್ ಮಾಡಿ, ಪ್ಯಾಕ್ ಮಾಡಿದವಳನ್ನು ಪಾಸ್ ಮಾಡಿದ ಎಂದು ನಾನು ಇಂದಿಗೂ ರೇಗಿಸುತ್ತೇನೆ. ಈಚೆಗೆ ಆ ಮಾತಿಗೆ ಯಾರೂ ನಗುವುದಿಲ್ಲ.

ವರ್ಷಗಟ್ಟಲೆ ಮುಚ್ಚಳ ತುಂಬಿ ಅತ್ತಿಗೆಯ ಮಣಿಕಟ್ಟುಗಳು ಕೆಟ್ಟವು. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗುತ್ತಿರಲಿಲ್ಲ. ಇನ್ನು ಆ ಕೆಲಸ ಮಾಡಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಬಿಟ್ಟರು. ಅಲ್ಲಿಂದಾಚೆ ಮನೆ ನಡೆಯುತ್ತಿದ್ದುದು ಅಣ್ಣನ ಸಂಬಳದಲ್ಲಿ. ಅವರು ಮೂರನೇ ಮಹಡಿ, ನಾನು ಅವರ ಕೆಳಗೆ ಎರಡನೆಯದರಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಮೇಲೆ ಪಾತ್ರೆ ಕೈಜಾರಿ ಬಿದ್ದ ಸದ್ದು ಕೇಳಿದರೆ ಅತ್ತಿಗೆಯ ಕೈ ಇವತ್ತು ಹೇಗಿದೆ ಎಂದು ನನಗೆ ತಿಳಿಯುತ್ತದೆ.

ಅಣ್ಣ ಆನ್‌ಲೈನ್ ಪೋಕರ್ ಹಿಡಿದದ್ದು ಆಮೇಲೆ. ಮೊದಮೊದಲು ನಾವು ತಲೆಕೆಡಿಸಿಕೊಳ್ಳಲಿಲ್ಲ. ಕುಡಿಯದ, ಸೇದದ ಮನುಷ್ಯ, ಸಂಜೆ ಸ್ವಲ್ಪ ಹೊತ್ತು, ಭಾನುವಾರ ಮಧ್ಯಾಹ್ನ, ಕಂಪ್ಯೂಟರ್ ಮುಂದೆ ಇಸ್ಪೀಟಾಡಿದರೆ ಏನು ಕೊಳ್ಳೆ ಹೋಯಿತು? ಅವನು ಆಡುತ್ತಿದ್ದುದು ಟೂರ್ನಮೆಂಟು. ಸಾವಿರಾರು ಜನ ಸಮನಾಗಿ ಪ್ರವೇಶ ಶುಲ್ಕ ಕಟ್ಟುತ್ತಾರೆ, ಒಬ್ಬೊಬ್ಬರಾಗಿ ಸೋತು ಹೊರಬೀಳುತ್ತಾರೆ, ಕೊನೆಗೆ ಉಳಿದ ಕೆಲವರಿಗೆ ಹಣ, ಅದರಲ್ಲೂ ಮೊದಲ ಮೂರು ನಾಲ್ಕು ಜನಕ್ಕೇ ಸಿಂಹಪಾಲು. ಎಷ್ಟೇ ಜಾಣನಾದರೂ ಹೆಚ್ಚಿನ ದಿನ ಬರಿಗೈಯಲ್ಲೇ ಎದ್ದು ಬರಬೇಕು.

ಒಂದು ಭಾನುವಾರ ಮೇಲಿನಿಂದ ಕೂಗು ಕೇಳಿತು. ಓಡಿ ಹೋದರೆ ಅಣ್ಣ ಕೋಣೆಯ ನಡುವೆ ನಿಂತು ಅತ್ತಿಗೆಯ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಎರಡು ಸಾವಿರಕ್ಕೂ ಮೇಲ್ಪಟ್ಟ ಜನರಲ್ಲಿ ಮೂರನೆಯವನಾಗಿದ್ದ. ಎರಡು ತಿಂಗಳ ಸಂಬಳದಷ್ಟು ಹಣ. ಆ ವಾರವೇ ಬಟ್ಟೆ ಒಗೆಯುವ ಮಷಿನ್ ಬಂತು. ಇನ್ನು ಒದ್ದೆ ಬಟ್ಟೆ ಹಿಂಡುವುದು ತಪ್ಪಿತಲ್ಲ ಎಂದು ಅತ್ತಿಗೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಬಟ್ಟೆ ತಿರುಗುವುದನ್ನು ಸಿನಿಮಾ ನೋಡಿದ ಹಾಗೆ ನೋಡಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಹಣವನ್ನು ಶಪಿಸಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಅಷ್ಟರಲ್ಲಿ ಫ್ಯಾಕ್ಟರಿಗೆ ಕ್ಯಾಮೆರಾ ಇರುವ ಯಂತ್ರ ಬಂತು. ಮುಚ್ಚಳ ನೋಡುವ ಕೆಲಸ ಇನ್ನು ಅದರದು. ತಪಾಸಣೆಯವರು ಬೇಕಾದರೆ ಅದೇ ಸಂಬಳಕ್ಕೆ ಗೋದಾಮಿಗೆ ಹೋಗಬಹುದು, ಇಲ್ಲವೇ ತಿಂಗಳ ಕೊನೆಯೊಳಗೆ ತಾವಾಗಿ ಕೆಲಸ ಬಿಟ್ಟರೆ ಇಡಿಗಂಟು ಕೊಡುತ್ತೇವೆ ಎಂದು ಆಫೀಸಿನವರು ಹೇಳಿದರು. ಅಣ್ಣ ಆ ದಿನ ಮನೆಗೆ ಬಂದವನೇ, "ನಾನು ಬಿಡ್ತೀನಿ. ಇನ್ಮೇಲೆ ಪೋಕರ್ರೇ ಕೆಲಸ" ಎಂದ.

ನನ್ನ ಮೈ ಉರಿದುಹೋಯಿತು. "ತಲೆ ನೆಟ್ಟಗಿದೆಯಾ ನಿಂಗೆ? ಜೂಜಾಡಿ ಸಂಸಾರ ಮಾಡ್ತೀಯಾ?" ಎಂದು ಬಾಯಿಗೆ ಬಂದಂತೆ ಬೈದೆ.

"ಜೂಜಲ್ಲ ಕಣೇ, ಅದಕ್ಕೂ ತಲೆ ಬೇಕು. ನಾನು ಚೆನ್ನಾಗಿ ಆಡ್ತೀನಿ."

"ಯಾರು ಹೇಳಿದ್ರು?"

"ಲೆಕ್ಕ ಹೇಳುತ್ತೆ."

ಅತ್ತಿಗೆ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಳ್ಳುತ್ತಾ ಹೇಳಿದರು: "ಹಾಗಾದ್ರೆ ಒಂದ್ ಕೆಲಸ ಮಾಡಿ. ನೀವೇ ಒಂದು ಲಾಟ್ ಅಂದ್ಕೊಳ್ಳಿ. ನಮ್ಮ ಪೆಟ್ಟಿಗೆ ನೋಡ್ತಿದ್ರಲ್ಲ, ಹಾಗೇ ನೋಡಿ. ಪಾಸ್ ಆದ್ರೆ ನಾನು ಅಡ್ಡ ಬರಲ್ಲ. ಇಲ್ಲಾಂದ್ರೆ ಬಾಯ್ಮುಚ್ಕೊಂಡು ಗೋದಾಮಿಗೆ ಹೋಗಿ. ಮತ್ತೆ ಪ್ಯಾಕಿಂಗಿಗೆ ಹೋಗೋಕೆ ನನ್ನ ಕೈಲಾಗಲ್ಲ, ನಿಮಗೇ ಗೊತ್ತು."

ಅತ್ತಿಗೆಯ ಜಾಣತನಕ್ಕೆ ನಾನು ಮನಸ್ಸಿನಲ್ಲೇ ಭೇಷ್ ಎಂದೆ. ಲೋಕದಲ್ಲಿ ಯಾರನ್ನು ಬೇಕಾದರೂ ಮೋಸಗೊಳಿಸಬಹುದು, ಪೆಟ್ಟಿಗೆಯ ತಳಕ್ಕೆ ಕೈ ಹಾಕುವ ನಮ್ಮಣ್ಣನನ್ನು ಆಗದು ಎಂದುಕೊಂಡೆ.

ಆಟದ ವೆಬ್‌ಸೈಟೇ ಅವನ ಪ್ರತಿ ಟೂರ್ನಮೆಂಟಿನ ಫಲಿತಾಂಶ ಇಟ್ಟಿತ್ತು. ಎರಡು ವರ್ಷದಲ್ಲಿ ಆರುನೂರರ ಹತ್ತಿರ. ಮೊದಲ ಸಲ ಕೂಡಿಸಿ ಬಂದಾಗ ಅವನ ಮುಖ ಅರಳಿತ್ತು. ನೂರು ಹಾಕಿದ್ದಕ್ಕೆ ಸರಾಸರಿ ನಲವತ್ತು ಲಾಭ ಎಂದ. ಅತ್ತಿಗೆ ಒಂದೇ ಪ್ರಶ್ನೆ ಕೇಳಿದರು.

"ಎಲ್ಲಾ ಸೇರಿಸಿದ್ರಾ?"

"ಎಲ್ಲಾನೂ... ಜ್ವರ ಬಂದಾಗ ಆಡಿದ್ದು ಬಿಟ್ಟೆ. ನಡುವೆ ಕರೆಂಟ್ ಹೋದವೂ ಬಿಟ್ಟೆ. ಅದು ನನ್ನ ಆಟ ಅಲ್ವಲ್ಲ."

"ಯಂತ್ರ ಬಿಸಿ ಆಗಿತ್ತು, ಅದಕ್ಕೆ ಈ ಮುಚ್ಚಳ ಕೆಟ್ಟಿದೆ, ಲೆಕ್ಕಕ್ಕೆ ತಗೋಬೇಡಿ ಅಂತ ನಾನು ಅಂದಿದ್ರೆ ನೀವು ಒಪ್ತಿದ್ರಾ?"

ಅಣ್ಣ ಪೆಚ್ಚಾದ. ಒಳಗೆ ಹೋಗಿ ಬಿಟ್ಟದ್ದನ್ನೆಲ್ಲ ಸೇರಿಸಿದ. ಲಾಭ ಇಪ್ಪತ್ತಕ್ಕಿಳಿಯಿತು. ಒಮ್ಮೆ ತಪ್ಪು ಕಣ್ಣಿಗೆ ಬಿದ್ದ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಎರಡು ದಿನ ಊಟ ತಿಂಡಿಯ ಪರಿವೆಯಿಲ್ಲದೆ ತನ್ನನ್ನು ತಾನೇ ಕೆದಕಿ ನೋಡಿದ. ಮೂರನೇ ಸ್ಥಾನದ ಆ ಒಂದು ಭಾನುವಾರ ತೆಗೆದುಬಿಟ್ಟರೆ ಉಳಿದದ್ದೆಲ್ಲ ಸೇರಿ ನಷ್ಟ. ಅದನ್ನು ಇಟ್ಟುಕೊಂಡರೂ, ಇಂಥ ಆಟದ ಏರಿಳಿತಕ್ಕೆ ಆರುನೂರು ಏನೇನೂ ಅಲ್ಲ. ಅವನ ನಿಜವಾದ ಮಟ್ಟ ಆ ಇಪ್ಪತ್ತಕ್ಕಿಂತ ಐವತ್ತು ಮೇಲೂ ಇರಬಹುದು, ಐವತ್ತು ಕೆಳಗೂ, ಎಂದರೆ ನಷ್ಟದಲ್ಲೂ, ಇರಬಹುದು. ಅಂದರೆ ಅವನು ಒಳ್ಳೆಯ ಆಟಗಾರನಿರಬಹುದು, ದಡ್ಡನೂ ಇರಬಹುದು. ಲೆಕ್ಕಕ್ಕೆ ಎರಡೂ ಒಪ್ಪುತ್ತಿತ್ತು.

ಇದನ್ನೆಲ್ಲ ಅವನು ನಮ್ಮಿಬ್ಬರ ಮುಂದೆ ಒಂದು ಚೂರೂ ಮುಚ್ಚಿಡದೆ ಹೇಳಿದ. ಅತ್ತಿಗೆಯ ಕಣ್ಣಲ್ಲಿ ನೀರು ಬಂತು. "ಸಾಕು ಬಿಡಿ. ಪಾಸ್ ಆಗ್ಲಿಲ್ಲ ತಾನೇ? ನಾಳೆ ಹೋಗಿ ಗೋದಾಮಿಗೆ ಹೆಸರು ಕೊಡಿ" ಎಂದರು.

"ರಿಜೆಕ್ಟೂ ಆಗಿಲ್ಲ" ಎಂದ ಅಣ್ಣ.

ಅವನ ದನಿ ಕೇಳಿ ನಾನು ತಲೆಯೆತ್ತಿದೆ. ಮುಖದಲ್ಲಿ ಹಟವಿರಲಿಲ್ಲ, ದುರಾಸೆಯೂ ಕಾಣಲಿಲ್ಲ. ಮೇಜಿನ ಹಿಂದೆ ಕೂತಾಗಿನ ಮುಖವೇ ಅದು.

"ಸ್ಯಾಂಪಲ್ ಕಮ್ಮಿ ಇದ್ದಾಗ ಪಾಸೂ ಮಾಡಬಾರದು, ರಿಜೆಕ್ಟೂ ಮಾಡಬಾರದು. ಇನ್ನೂ ಸ್ಯಾಂಪಲ್ ತೆಗೀಬೇಕು. ಅದೇ ಪದ್ಧತಿ. ಐದಾರು ಸಾವಿರ ಆಡಿದ್ರೆ ಸ್ಪಷ್ಟವಾಗಿ ಗೊತ್ತಾಗುತ್ತೆ. ಸಂಜೆ ಸಂಜೆ ಆಡ್ತಾ ಕೂತ್ರೆ ಹದಿನೈದು ವರ್ಷ ಬೇಕು. ಕೆಲಸ ಬಿಟ್ಟು ಆಡಿದ್ರೆ ಒಂದೂವರೆ ವರ್ಷ ಸಾಕು."

"ಅಂದ್ರೆ?" ಎಂದರು ಅತ್ತಿಗೆ.

"ಗೊತ್ತಾಗಬೇಕಾದ್ರೆ ಬಿಡಲೇಬೇಕು."

ಜಗಳ ತಿಂಗಳ ಕೊನೆಯವರೆಗೂ ನಡೆಯಿತು. ನಾನು ಕೂಗಾಡಿದೆ, ಮಾತು ಬಿಟ್ಟೆ, ಮತ್ತೆ ಮಾತಾಡಿಸಿ ಗೋಗರೆದೆ. ಗೊತ್ತಾಗದಿದ್ದರೆ ಏನು ಗಂಟು ಹೋಗುತ್ತದೆ, ಜನ ತಮ್ಮ ಬಗ್ಗೆ ಏನೂ ಗೊತ್ತಿಲ್ಲದೆ ಸುಖವಾಗಿ ಬದುಕಿ ಸಾಯುವುದಿಲ್ಲವೇ ಎಂದು ಕೇಳಿದೆ. ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊನೆಯ ದಿನ ಆಫೀಸಿಗೆ ಹೋಗಿ ಸಹಿ ಹಾಕಿ ಬಂದ.

ಅಲ್ಲಿಂದ ಅವನ ದಿನಚರಿ ಫ್ಯಾಕ್ಟರಿಯದೇ. ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗುವ ಕೋಣೆಯ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಒಟ್ಟೊಟ್ಟಿಗೆ ನಾಲ್ಕೈದು ಟೂರ್ನಮೆಂಟ್ ಆಡುತ್ತಾನೆ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ. ಗೆದ್ದರೂ ಹಿಗ್ಗುವುದಿಲ್ಲ, ಸೋತರೂ ರೇಗುವುದಿಲ್ಲ. ಜೂಜುಕೋರನ ಒಂದು ದುರ್ಗುಣವಾದರೂ ಇದ್ದಿದ್ದರೆ ಬೈಯಲು ನನಗೆ ಅನುಕೂಲವಾಗುತ್ತಿತ್ತು. ಇಡಿಗಂಟು ಮಾತ್ರ ಕರಗುತ್ತಾ ಬಂತು. ಒಂದು ದಿನ ಅತ್ತಿಗೆ ನನ್ನ ಬಳಿ ಬಂದು, "ಮಣಿಕಟ್ಟಿಗೆ ಬಿಗಿಯಾಗಿ ಕಟ್ಟೋ ಹಾಗೆ ಗಟ್ಟಿ ಬಟ್ಟೇಲಿ ಎರಡು ಪಟ್ಟಿ ಹೊಲ್ಕೊಡ್ತೀಯಾ?" ಎಂದರು. ಏಕೆಂದು ನಾನು ಕೇಳಲಿಲ್ಲ. ಹೊಲಿಯುವಾಗ ಸೂಜಿ ಕಾಣದಷ್ಟು ಕಣ್ಣು ಮಂಜಾಯಿತು.

ಅವರು ಪ್ಯಾಕಿಂಗಿಗೆ ವಾಪಸಾಗಿ ಈಗ ಕೆಲವು ತಿಂಗಳಾಗಿವೆ. ಮೊನ್ನೆ ಅವರು ಪಾಳಿ ಮುಗಿಸಿ ಬಂದಾಗ ನಾನು ಮೇಲೆಯೇ ಇದ್ದೆ. ಪಟ್ಟಿ ಬಿಚ್ಚಲು ಅವರ ಬೆರಳಿಗಾಗಲಿಲ್ಲ, ನಾನೇ ಬಿಚ್ಚಿದೆ. ಅದರಡಿ ಮಣಿಕಟ್ಟು ಊದಿಕೊಂಡು ಕೆಂಪಾಗಿತ್ತು. ಅಣ್ಣ ಕೋಣೆಯಿಂದ ಹೊರಗೆ ಬಂದು ಅದನ್ನು ನೋಡಿದ.

"ಎಲ್ಲಿಗೆ ಬಂತು?" ಎಂದು ಅತ್ತಿಗೆ ಕೇಳಿದರು.

"ಅರ್ಧ ದಾಟಿದೆ. ಇನ್ನೂ ಹೇಳೋಕಾಗಲ್ಲ."

ಅತ್ತಿಗೆ ಕುರ್ಚಿ ಎಳೆದುಕೊಂಡು ಮೇಜಿನ ಬಳಿ ಕೂತರು. ಆಮೇಲೆ, ಇಷ್ಟು ವರ್ಷ ಆ ಫ್ಯಾಕ್ಟರಿಯಲ್ಲಿದ್ದೂ ಯಾಕೆ ಕೇಳಲಿಲ್ಲವೋ ಎಂಬಂತೆ ಕೇಳಿದರು: "ರೀ, ಪರೀಕ್ಷೆಗೆ ಅಂತ ಮುಚ್ಚಳ ತೆಗೀತಿದ್ರಲ್ಲ, ಹಿಂಡಿ ಒತ್ತಿ ನೋಡ್ತಿದ್ರಲ್ಲ. ಆಮೇಲೆ ಅವನ್ನ ಏನು ಮಾಡ್ತಿದ್ರಿ? ಪೆಟ್ಟಿಗೆಗೇ ಹಾಕ್ತಿದ್ರಾ?"

"ಇಲ್ಲಪ್ಪ. ಒತ್ತಿ ನೋಡಿದ್ಮೇಲೆ ಸೀಳಿರುತ್ತಲ್ಲ, ಉಪಯೋಗಕ್ಕೆ ಬರಲ್ಲ. ಬಿಸಾಕ್ತೀವಿ."

"ಲಾಟ್ ಪಾಸ್ ಆದ್ರೂ?"

"ಪಾಸ್ ಆದ್ರೂ."

ಅತ್ತಿಗೆ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ, ಅವನ ಮುಂದೆ ಇಟ್ಟರು. "ಹಾಗಾದ್ರೆ ಇವನ್ನೂ ಆ ಲೆಕ್ಕಕ್ಕೆ ಸೇರಿಸ್ಕೊಳ್ಳಿ" ಎಂದರು.

ಅಣ್ಣ ಆ ಕೈಗಳನ್ನೇ ನೋಡುತ್ತಾ ನಿಂತ. ಒಳಗೆ ಕಂಪ್ಯೂಟರು ಅವನ ಸರದಿ ಬಂತೆಂದು ಗಂಟೆ ಹೊಡೆಯಿತು, ಮತ್ತೆ ಹೊಡೆಯಿತು, ಆಮೇಲೆ ನಿಂತಿತು.