ನಡುಕೋಣೆಯ ವಿಸ್ತೀರ್ಣ

ಭೂತಪ್ರೇತಗಳ ಕಥೆ ಹೇಳುವವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಯಾರು ಕಂಡರು, ಎಷ್ಟು ದೂರದಿಂದ ಕಂಡರು, ಬೆಳಕಿತ್ತೇ ಎಂದು ಅವರು ಎದ್ದು ಹೋಗುವವರೆಗೂ ಕೇಳುತ್ತಿದ್ದೆ. ಈಗ ನಾನೇ ಹೇಳುವವನ ಜಾಗದಲ್ಲಿ ಕುಳಿತಿದ್ದೇನೆ. ಓದುಗರು ನನ್ನನ್ನೂ ಹಾಗೆಯೇ ಕೇಳಲಿ.

ನನ್ನ ಶಾಲೆ ಏಳನೆಯ ತರಗತಿಗೆ ನಿಂತಿತು. ನಕ್ಷೆ ಬರೆಯುವುದನ್ನು ಪುಸ್ತಕ ನೋಡಿ ಕಲಿತೆ. ಎಪ್ಪತ್ತರ ದಶಕದಲ್ಲಿ ಭಟ್ಕಳದಿಂದ ಕುಮಟೆಯವರೆಗೆ ಮನೆ ಕಟ್ಟುವವರೂ ಪಾಲಾಗುವವರೂ ನನ್ನನ್ನು ಮಾಸ್ತರ್ ಎಂದೇ ಕರೆಯುತ್ತಿದ್ದರು. ಕೋಣೆಗಳ ಒಟ್ಟು ವಿಸ್ತೀರ್ಣವನ್ನು ಇಂದು ಕಂಪ್ಯೂಟರು ಕೂಡಿಕೊಡುತ್ತದೆ. ನನ್ನ ಪದ್ಧತಿ ಬೇರೆಯಿತ್ತು. ಮನೆಯ ಹೊರ ಅಳತೆಯಿಂದ ಗೋಡೆಗಳು ಹಿಡಿದ ಜಾಗವನ್ನು ಕಳೆಯುತ್ತಿದ್ದೆ. ಆಮೇಲೆ ಒಳಗಿನ ಒಂದೊಂದು ಕೋಣೆಯನ್ನೂ ಅಳೆದು ಕೂಡುತ್ತಿದ್ದೆ. ಎರಡೂ ತಾಳೆಯಾಗದೆ ನಕ್ಷೆ ಕೊಡುತ್ತಿರಲಿಲ್ಲ.

ತೆಂಗಿನಗುಂಡಿಯ ಮೀನುಗಾರ ಅಣ್ಣತಮ್ಮಂದಿರಾದ ನಾರಾಯಣ ಮತ್ತು ಜಟ್ಟಪ್ಪ ತಮ್ಮ ಮನೆಯನ್ನು ಸಮಪಾಲು ಮಾಡಿ ನಡುವೆ ಗೋಡೆ ಎಬ್ಬಿಸುವವರಿದ್ದರು. ಆ ಗೋಡೆ ನಡುಕೋಣೆಯನ್ನು ಸೀಳಿಕೊಂಡೇ ಹೋಗಬೇಕಿತ್ತು. ಅಲ್ಲಿ ಅವರ ತಾಯಿ ದುರ್ಗಮ್ಮ ಮಲಗುತ್ತಿದ್ದರು. ಅವರ ಚಾಪೆಯ ಪಕ್ಕದಲ್ಲಿ ಇನ್ನೊಂದು ಚಾಪೆ ಸುತ್ತಿಟ್ಟಿತ್ತು. ಕಡಲಿಗೆ ಹೋದ ಗಂಡ ಮರಳಿರಲಿಲ್ಲ; ಹೆಣವೂ ಸಿಗದಿದ್ದರಿಂದ ಉತ್ತರಕ್ರಿಯೆ ಮಾಡಿಸಲು ಆಕೆ ಒಪ್ಪಿರಲಿಲ್ಲ.

“ಆ ಕೋಣೆ ಲೆಕ್ಕಕ್ಕೆ ಹಿಡಿಬೇಡಿ ಮಾಸ್ತರ್ರೆ, ಅದು ಅವರದು,” ಎಂದರು. “ನಾಳೆ ಬಂದ್ರೆ ಎಲ್ಲಿ ಮಲಗೂದು?”

ಇರುವ ಕೋಣೆಯನ್ನು ಅಳೆಯದೆ ಬಿಡಲು ನನ್ನಿಂದಾಗದು ಎಂದೆ. ಅಣ್ಣತಮ್ಮಂದಿರೇ ಟೇಪು ಹಿಡಿದರು. ಒಬ್ಬನಿಗೆ ಇನ್ನೊಬ್ಬನ ಮೇಲೆ ನಂಬಿಕೆಯಿರಲಿಲ್ಲ.

“ಟೇಪು ಹಾಂಗೆ ಎಳೀಬೇಡ್ವೋ, ಬಲೆ ಅಲ್ಲ ಅದು,” ಎಂದ ನಾರಾಯಣ.

“ನೀ ಹಿಡದ್ರೆ ಗೋಡೆನೇ ನನ್ ಬದಿಗೆ ಓಡಿ ಬರ್ತದಲ್ಲ ಅಣ್ಣ!” ಎಂದ ಜಟ್ಟಪ್ಪ.

ನಡುಕೋಣೆಯಲ್ಲೇ ಕುಳಿತು ಕೂಡಿದೆ. ಕೋಣೆಗಳ ಮೊತ್ತ ಹೊರ ಅಳತೆಯ ಲೆಕ್ಕಕ್ಕಿಂತ ಹೆಚ್ಚು ಬಂತು. ಹೆಚ್ಚಾದದ್ದು ಎಷ್ಟೆಂದು ನೋಡಿದರೆ ಸರಿಯಾಗಿ ನಡುಕೋಣೆಯಷ್ಟೇ. ಅದನ್ನು ಬಿಟ್ಟರೆ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ತಾಳೆಯಾಯಿತು. ಎಂದರೆ, ಆ ಹೊರಗೋಡೆಗಳ ಒಳಗೆ ನಾನು ಕುಳಿತಿದ್ದ ಕೋಣೆಗೆ ಜಾಗವೇ ಇರಲಿಲ್ಲ. ಟೇಪಿನ ತುದಿ ಅದಲುಬದಲು ಮಾಡಿಸಿ ಅಳೆದೆ. ಆಮೇಲೆ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ ಒಬ್ಬನೇ ಅಳೆದೆ. ಏನೂ ಬದಲಾಗಲಿಲ್ಲ. ಹೊರಗೆ ಹಾಡುಹಗಲು, ಅಂಗಳದಲ್ಲಿ ಮೀನು ಒಣಗುತ್ತಿತ್ತು.

“ಆತಾ ಮಾಸ್ತರ್ರೆ?” ಎಂದು ದುರ್ಗಮ್ಮ ಚಹಾ ತಂದಿಟ್ಟರು.

ಕಂಡದ್ದನ್ನು ಕಂಡಂತೆಯೇ ಹೇಳಿದೆ. ತಾಳೆಯಾಗದ ಲೆಕ್ಕದ ಮೇಲೆ ಗೋಡೆಯ ಗುರುತು ಹಾಕುವುದಿಲ್ಲ ಎಂದೆ. ನಾರಾಯಣ ಸುತ್ತಿಟ್ಟ ಚಾಪೆಯತ್ತ ನೋಡಿದ. “ಅಮ್ಮ ಇರೂವರೆಗೆ ಗೋಡೆ ಬೇಡ,” ಎಂದ. ಜಟ್ಟಪ್ಪ ಟೇಪು ಸುತ್ತತೊಡಗಿದ.

ಎಂಬತ್ತರ ದಶಕದಲ್ಲಿ ದುರ್ಗಮ್ಮ ತೀರಿಕೊಂಡರು. ಮಕ್ಕಳು ತಾಯಿಯ ಕ್ರಿಯೆಯೊಂದಿಗೆ ತಂದೆಯದನ್ನೂ ಮುಗಿಸಿ ನನ್ನನ್ನು ಮತ್ತೆ ಕರೆದರು. ಅದೇ ಟೇಪು, ಅದೇ ಕೈಗಳು. ಈ ಸಲ ನಡುಕೋಣೆಯನ್ನು ಸೇರಿಸಿದರೆ ಮಾತ್ರ ಲೆಕ್ಕ ತಾಳೆಯಾಯಿತು.

ಮೊದಲ ಸಲ ನಾನು ತಪ್ಪಿದ್ದೆ ಎನ್ನುವುದು ಸುಲಭ. ಆದರೆ ಯಾವ ತಪ್ಪು ಅಷ್ಟು ಸಲ ಸರಿಯಾಗಿ ಒಂದು ಕೋಣೆಯಷ್ಟೇ ಆಗುತ್ತದೆ? ಈಚೆಗೆ ಕುಮಟೆಯ ಎಂಜಿನಿಯರೊಬ್ಬ ನನ್ನ ಎರಡೂ ಅಳತೆಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿ, “ಇದು ಬೇರೆ ಬೇರೆ ಎರಡು ಮನೆ ಅಜ್ಜ, ಎಂತ ಗಡಿಬಿಡಿ ಮಾಡ್ಕಂಡ್ರಿ?” ಎಂದು ನಕ್ಕ. ಮನೆ ಒಂದೇ. ನನಗೆ ಉತ್ತರ ಸಿಕ್ಕಿಲ್ಲ. ಬೇರೆಯವರು ಕೊಡುವ ಉತ್ತರಗಳನ್ನು ಈಗಲೂ ನಂಬುವುದಿಲ್ಲ.

ಒಂದನ್ನು ಮಾತ್ರ ಮುಚ್ಚಿಡಲಾರೆ. ಎರಡನೆಯ ಸಲ ಗೋಡೆಗೆ ಸುಣ್ಣದ ಗೆರೆ ಎಳೆಯಲು ಆ ಚಾಪೆಗಳನ್ನು ಎತ್ತಬೇಕಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಹೊಸ್ತಿಲ ಹೊರಗೆ ನಿಂತು, “ಬರ್ಲಾ?” ಎಂದು ಕೇಳಿಯೇ ಒಳಗೆ ಹೋದೆ.